ಹಳೇ ದೋಣಿಗೆ ಹೊಸ ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ದೋಣಿ ಕೊಂಡವರು ಮೊದಲು ಎಂಜಿನ್ ನೋಡುತ್ತಾರೆ. ಆಮೇಲೆ ತಳ ಬಡಿದು ನೋಡುತ್ತಾರೆ. ವೈರಿಂಗ್ ನೆನಪಾಗುವುದು ಯಾವುದೋ ದೀಪ ಹತ್ತದೇ ಇದ್ದಾಗ. ಸ್ವಿಚ್ ಪ್ಯಾನೆಲ್ ಬಿಚ್ಚಿ ಒಳಗೆ ಇಣುಕಿದರೆ ಥೇಟ್ ಕಾಗೆಗೂಡು! ಅಲ್ಲಿಂದ ಶುರುವಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. 12 ವೋಲ್ಟ್ ಬ್ಯಾಟರಿ ಇರುವ ಸಣ್ಣ ಮೋಟಾರು ದೋಣಿ, ಹಾಯಿದೋಣಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು ಇದು.

ದೀಪ ಹತ್ತುತ್ತಿದೆ, ಪಂಪು ಓಡುತ್ತಿದೆ. ಸುಮ್ನೆ ಯಾಕೆ ವೈರಿಂಗ್ ಮುಟ್ಟಬೇಕು?

ಓಡುತ್ತಿದೆ ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ನನ್ನ ದೋಣಿಯಲ್ಲೂ ಎಲ್ಲಾ ಓಡುತ್ತಿತ್ತು. ಒಂದು ದಿನ ತಳದ ನೀರೆತ್ತುವ ಬಿಲ್ಜ್ ಪಂಪಿನ ಸದ್ದು ಯಾಕೋ ಸೊರಗಿದ ಹಾಗೆ ಕೇಳಿತು. ಪಂಪು ಓಡುತ್ತಿರುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದೆ, 12.4 ವೋಲ್ಟ್. ಪಂಪಿನ ಹತ್ತಿರ ಹಿಡಿದರೆ 10.6. ನಡುವೆ 1.8 ವೋಲ್ಟ್ ಎಲ್ಲಿ ಹೋಯಿತು? ವೈರಿನ ಜಾಡು ಹಿಡಿದು ಹೋದೆ. ಮೆಟ್ಟಿಲ ಕೆಳಗೆ ಒಂದು ಜಾಯಿಂಟು ಸಿಕ್ಕಿತು. ಸುತ್ತಿದ್ದ ಟೇಪು ಕೊಳೆತು ಬೆರಳಿಗೆ ಅಂಟಂಟಾಗಿ ಮೆತ್ತಿಕೊಂಡಿತು. ಒಳಗೆಲ್ಲ ಹಸಿರು ಕಿಲುಬು. ಸ್ವಲ್ಪ ಅಲುಗಿಸಿದೆ, ಅಷ್ಟೇ, ತಾಮ್ರದ ಎಳೆಗಳು ಒಂದೊಂದಾಗಿ ಮುರಿದು ಬಿದ್ದವು. ಇಡೀ ಪಂಪು ಮೂರೋ ನಾಲ್ಕೋ ಎಳೆಯ ಮೇಲೆ ಓಡುತ್ತಿತ್ತು.

ಆ ಪಂಪು ಎಳೆಯುತ್ತಿದ್ದದ್ದು 5 ಆಂಪ್. 1.8 ಅನ್ನು 5ರಿಂದ ಗುಣಿಸಿದರೆ 9 ವ್ಯಾಟ್. ಹೆಚ್ಚುಕಮ್ಮಿ ಅಷ್ಟೂ ಶಾಖ ಆ ಬೆರಳುದ್ದದ ಜಾಯಿಂಟಿನಲ್ಲಿ, ಒಣ ಪ್ಲೈವುಡ್ ಪಕ್ಕದಲ್ಲಿ. ಸಣ್ಣ ಸೋಲ್ಡರಿಂಗ್ ಐರನ್ ಒಂದು 25 ವ್ಯಾಟಿನದು, ನೆನಪಿರಲಿ. ಕಾಣೆಯಾದ ವೋಲ್ಟೇಜ್ ಮಾಯವಾಗುವುದಿಲ್ಲ, ಎಲ್ಲೋ ಒಂದು ಕಡೆ ಬಿಸಿಯಾಗಿ ಕೂತಿರುತ್ತದೆ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಇದರ ಸುತ್ತಲೇ ಇವೆ.

ವೈರಿನ ಎರಡು ತುದಿಗೆ ಮೀಟರ್ ಹಿಡಿದಾಗ ಬೀಪ್ ಬಂದರೆ ವೈರ್ ಸರಿ ಇದೆ ಅಂತ ತಾನೇ?

ಅಲ್ಲ. ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಉಪಕರಣ ಓಡುತ್ತಿರುವಾಗ ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪಂಪಿನ ಪ್ಲಸ್‌ಗೆ ಇಡಿ. ಅಲ್ಲಿ ಬರುವ ಸಂಖ್ಯೆಯೇ ಪ್ಲಸ್ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಮೈನಸ್ ಕಡೆಗೂ ಹೀಗೇ ಮಾಡಿ. ಎಷ್ಟೋ ಸಲ ಕಳ್ಳ ಮೈನಸ್ ಕಡೆಯೇ ಇರುತ್ತಾನೆ, ಯಾಕೆಂದರೆ ಅದನ್ನು ಯಾರೂ ನೋಡುವುದಿಲ್ಲ.

ಪೂರ್ತಿ ಕೀಳಬೇಕಾ, ಕೆಟ್ಟದ್ದನ್ನು ಮಾತ್ರ ಬದಲಿಸಿದರೆ ಸಾಕಾ?

ವೈರಿನ ತುದಿಯಲ್ಲಿ ಎರಡು ಸೆಂಟಿಮೀಟರ್ ಸಿಪ್ಪೆ ತೆಗೆದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಒಳ್ಳೆಯದು. ಕಪ್ಪಾಗಿದ್ದರೆ 30 ಸೆಂಟಿಮೀಟರ್ ಹಿಂದೆ ಕತ್ತರಿಸಿ ಮತ್ತೆ ನೋಡಿ. ಅಲ್ಲೂ ಕಪ್ಪಾದರೆ ಆ ವೈರಿನ ಕಥೆ ಮುಗಿಯಿತು. ತೇವ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಒಳಗೊಳಗೇ ಏರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮೂರಕ್ಕಿಂತ ಜಾಸ್ತಿ ಸರ್ಕಿಟ್ ಹೀಗಿದ್ದರೆ ಪೂರ್ತಿ ತೆಗೆಯುವುದೇ ಲೇಸು. ತೇಪೆಯ ಮೇಲೆ ತೇಪೆ ಹಾಕಿಯೇ ಅಲ್ವಾ ಕಾಗೆಗೂಡು ಆಗಿದ್ದು? ಒಂದೇ ಸಲ ಎಲ್ಲಾ ಕೀಳಬೇಕಿಲ್ಲ. ಒಂದು ಸರ್ಕಿಟ್ ತೆಗೆದು, ಹೊಸದು ಹಾಕಿ, ಪರೀಕ್ಷೆ ಮಾಡಿ ಮುಂದಕ್ಕೆ ಹೋಗಿ. ಸತ್ತ ವೈರನ್ನು ಒಳಗೇ ಬಿಡಬೇಡಿ. ಅದು ಸತ್ತಿದೆ ಅಂತ ನಿಮಗೆ ಗೊತ್ತು, ಮುಂದೆ ಬಿಚ್ಚುವವನಿಗೆ ಗೊತ್ತಿರುವುದಿಲ್ಲ.

ಎಲ್ಲಿಂದ ಶುರು ಮಾಡಲಿ?

ಕಾಗದ ಪೆನ್ಸಿಲ್‌ನಿಂದ. ಏನೇನು ಉಪಕರಣ ಇದೆ, ಎಷ್ಟು ಆಂಪ್ ಎಳೆಯುತ್ತದೆ, ಪ್ಯಾನೆಲ್‌ನಿಂದ ಎಷ್ಟು ದೂರ, ಇದನ್ನೆಲ್ಲ ಬರೆದುಕೊಳ್ಳಿ. ದೂರ ಅಂದರೆ ನೇರ ಗೆರೆಯಲ್ಲ, ವೈರ್ ಹೋಗುವ ದಾರಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಪ್ರತಿ ವೈರಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಕಟ್ಟಿ. ಬ್ಯಾಟರಿಯ ಮೈನಸ್ ಬಿಚ್ಚಿ, ದಡದ ಕರೆಂಟಿನ (ಬೋಟುಕಟ್ಟೆಯಿಂದ ದೋಣಿಗೆ ಬರುವ ಎಸಿ ಕರೆಂಟಿನ) ಕೇಬಲ್ ಕಿತ್ತು ಕೈಗೆ ಸಿಗುವ ಹಾಗೆ ದೋಣಿಯ ಒಳಗೇ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು, ಬೇರೆ ಯಾರೋ ಬಂದು ಹಾಕಿಬಿಡುತ್ತಾರೆ. ಸೋಲಾರ್ ಪ್ಯಾನೆಲ್ ಇದ್ದರೆ ಅದನ್ನೂ ಬಿಚ್ಚಿ. ಬಿಸಿಲು ಇರುವವರೆಗೆ ಅದು ಆಫ್ ಆಗುವುದಿಲ್ಲ.

ಯಾವ ಸ್ಟಾಂಡರ್ಡ್ ನೋಡಬೇಕು?

ಜಾಸ್ತಿ ಬಳಕೆಯಲ್ಲಿರುವುದು ಎರಡು. ಒಂದು ಅಮೆರಿಕದ ಎಬಿವೈಸಿ ಸಂಸ್ಥೆಯ ಇ-11. ಇನ್ನೊಂದು ಐಎಸ್‌ಒ 13297. ಹಿಂದೆ ಡಿಸಿಗೆ (ಬ್ಯಾಟರಿಯ ಕರೆಂಟಿಗೆ) ಐಎಸ್‌ಒ 10133 ಅಂತ ಬೇರೆಯೇ ಇತ್ತು. 2020ರಲ್ಲಿ ಅದನ್ನೂ 13297ರಲ್ಲೇ ಸೇರಿಸಿದರು. ನಿಮ್ಮ ದೋಣಿ ಯಾವ ದೇಶದಲ್ಲಿ ನೋಂದಣಿ ಆಗಿದೆಯೋ ಅಲ್ಲಿನ ಕಾನೂನು ಮೊದಲು, ವಿಮೆಯವರ ಷರತ್ತು ಆಮೇಲೆ. ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಿರಿ. ಬಣ್ಣ ಒಂದರದ್ದು, ಬ್ರೇಕರ್ ಇನ್ನೊಂದರದ್ದು ಅಂತ ಬೆರೆಸಿದರೆ ಮುಂದಿನವರಿಗೆ ತಲೆನೋವು. ಇಲ್ಲಿ ನಾನು ಕೊಡುವ ಅಂಕಿಗಳು ಹೆಚ್ಚಾಗಿ ಇ-11ರವು.

ಮನೆ ವೈರಿಂಗಿಗೆ ತಂದ ವೈರ್ ಉಳಿದಿದೆ. ಅದನ್ನೇ ಹಾಕಬಹುದಾ?

ಬೇಡ. ಒಂಟಿ ಗಟ್ಟಿ ತಂತಿಯ ವೈರ್ ದೋಣಿಗೆ ನಿಷಿದ್ಧ. ಎಂಜಿನ್ ನಡುಕಕ್ಕೆ ಅದು ದಣಿದು, ಸ್ಕ್ರೂ ಹತ್ತಿರ ಕಡಿದುಹೋಗುತ್ತದೆ. ಬಹಳ ಎಳೆಗಳಿರುವ ವೈರೇ ಆಗಬೇಕು. ಪ್ರತಿ ಎಳೆಗೂ ತವರದ ಲೇಪ ಇದ್ದರೆ ಇನ್ನೂ ಒಳ್ಳೆಯದು. ಲೇಪ ಇರಲೇಬೇಕು ಅಂತ ಇ-11 ಹೇಳುವುದಿಲ್ಲ, ಆದರೆ ಉಪ್ಪುನೀರಿನಲ್ಲಿ ತಿರುಗುವ ದೋಣಿಗೆ ಲೇಪ ಇಲ್ಲದ ವೈರನ್ನು ನಾನಂತೂ ಹಾಕುವುದಿಲ್ಲ. ಸಿಪ್ಪೆಯ ಮೇಲೆ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಅಚ್ಚಾಗಿರುತ್ತದೆ. ಎಂಜಿನ್ ಕೋಣೆಗೆ 105 ಡಿಗ್ರಿಯದ್ದನ್ನೇ ಹುಡುಕಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಥರ್ಮೋಕೋಲ್‌ಗೆ ತಾಗಿಕೊಂಡು ಪಿವಿಸಿ ವೈರ್ ಎಳೆಯಬೇಡಿ. ವರ್ಷಗಳು ಕಳೆದ ಹಾಗೆ ಥರ್ಮೋಕೋಲ್ ಸಿಪ್ಪೆಯನ್ನು ಮೆತ್ತಗಿಡುವ ಅಂಶವನ್ನು ಹೀರಿಕೊಂಡು, ಸಿಪ್ಪೆ ಗಡುಸಾಗಿ ಬಿರುಕು ಬಿಡುತ್ತದೆ.

ವೈರ್ ಎಷ್ಟು ದಪ್ಪ ಇರಬೇಕು?

ಮನೆ ವೈರಿಂಗ್ ಮಾಡಿ ಪಳಗಿದವರು ಎಡವುವುದು ಇಲ್ಲೇ. 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ ಒಂದು ಹೋದರೆ ನೂರಕ್ಕೆ ಎಂಟು ಹೋದ ಹಾಗೆ. ಅದಕ್ಕೇ ವೈರ್ ಬಿಸಿಯಾಗುತ್ತದಾ ಅಂತ ನೋಡಿದರೆ ಸಾಲದು, ತುದಿಗೆ ಎಷ್ಟು ವೋಲ್ಟ್ ತಲುಪುತ್ತದೆ ಅಂತಲೂ ನೋಡಬೇಕು. ರಾತ್ರಿ ಬೇರೆ ದೋಣಿಗಳಿಗೆ ಕಾಣಲು ಹಾಕುವ ಸಂಚಾರ ದೀಪ, ರೇಡಿಯೋ, ಎಂಜಿನ್ ಕೋಣೆಯ ಬ್ಲೋವರ್, ಪ್ಯಾನೆಲ್‌ಗೆ ಬರುವ ಮುಖ್ಯ ವೈರ್ ಇಂಥವಕ್ಕೆ ಶೇ. 3ರ ಒಳಗೆ ನಷ್ಟ ಇರಬೇಕು. ಕ್ಯಾಬಿನ್ ದೀಪದಂಥವಕ್ಕೆ ಶೇ. 10ರವರೆಗೆ ನಡೆಯುತ್ತದೆ.

ಲೆಕ್ಕ ಸುಲಭ. ಹೋಗಿ ಬರುವ ಒಟ್ಟು ಉದ್ದವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ, ಆಂಪ್‌ನಿಂದ ಗುಣಿಸಿ, 0.0175ರಿಂದ ಗುಣಿಸಿ. ಬಂದದ್ದನ್ನು ಕಳೆದುಕೊಳ್ಳಬಹುದಾದ ವೋಲ್ಟ್‌ನಿಂದ ಭಾಗಿಸಿ. ಅದೇ ಬೇಕಾದ ಸ್ಕ್ವೇರ್ ಎಂಎಂ.

ಒಂದು ಮಾಡಿಯೇ ನೋಡೋಣ. ಉಪಕರಣ 10 ಆಂಪ್ ಎಳೆಯುತ್ತದೆ, ದಾರಿ 6 ಮೀಟರ್. ಹೋಗಿ ಬರಲು 12. ಶೇ. 3 ಅಂದರೆ 0.36 ವೋಲ್ಟ್. 12 ಗುಣಿಸು 10 ಗುಣಿಸು 0.0175 ಅಂದರೆ 2.1. ಅದನ್ನು 0.36ರಿಂದ ಭಾಗಿಸಿದರೆ 5.8. ಅಂದರೆ 6 ಸ್ಕ್ವೇರ್ ಎಂಎಂ ವೈರ್. ಶೇ. 10 ಸಾಕಾದರೆ ಲೆಕ್ಕ 1.75ಕ್ಕೆ ಬರುತ್ತದೆ, ಆಗ 2.5ರ ವೈರ್. ಅದೇ 2.5ರ ವೈರನ್ನು ಮುಖ್ಯ ಉಪಕರಣಕ್ಕೆ ಹಾಕಿದ್ದರೆ ದಾರಿಯಲ್ಲಿ 0.84 ವೋಲ್ಟ್ ಹೋಗುತ್ತಿತ್ತು. ಬರುವ ಉದ್ದವನ್ನು ಮರೆತು ಬರೀ ಹೋಗುವ ಉದ್ದ ಹಾಕುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ.

24 ವೋಲ್ಟ್ ದೋಣಿಯಾದರೆ ಅದೇ ವ್ಯಾಟಿಗೆ ಆಂಪ್ ಅರ್ಧ, ಕಳೆದುಕೊಳ್ಳಬಹುದಾದ ವೋಲ್ಟ್ ಎರಡರಷ್ಟು. ಹಾಗಾಗಿ ಈ ಲೆಕ್ಕದಲ್ಲಿ ಕಾಲು ಭಾಗ ತಾಮ್ರ ಸಾಕು. ಆದರೆ ಆ ದಪ್ಪಕ್ಕೆ ವೈರ್ ಬಿಸಿಯಾಗುತ್ತದಾ ಅಂತ ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಎಂಜಿನ್ ಕೋಣೆಯಲ್ಲಿ ಹಾದುಹೋದರೆ, ಬಹಳ ವೈರ್‌ಗಳನ್ನು ಒಂದೇ ಕಟ್ಟು ಮಾಡಿದರೆ ಅದು ತಡೆಯುವ ಆಂಪ್ ಇನ್ನೂ ಕಮ್ಮಿ.

ಫ್ಯೂಸ್ ಎಲ್ಲಿ ಹಾಕಬೇಕು, ಎಷ್ಟರದ್ದು?

ಫ್ಯೂಸ್ ಇರುವುದು ವೈರನ್ನು ಕಾಯಲು, ಉಪಕರಣವನ್ನಲ್ಲ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ವೈರ್ ತಡೆಯುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಮೊದಲು ಉರಿಯುವುದು ವೈರ್. ಫ್ಯೂಸ್ ಮೇಲಿಂದ ಮೇಲೆ ಹೋಗುತ್ತಿದೆ ಅಂತ ದೊಡ್ಡದನ್ನು ಹಾಕುವವರು ಕಾವಲುಗಾರ ಕೂಗುತ್ತಾನೆ ಅಂತ ಅವನ ಬಾಯಿ ಕಟ್ಟಿದ ಹಾಗೆ.

ಜಾಗ: ವಿದ್ಯುತ್ ಎಲ್ಲಿಂದ ಹೊರಡುತ್ತದೋ ಅಲ್ಲಿಂದ 18 ಸೆಂಟಿಮೀಟರ್ ಒಳಗೆ. ಬ್ಯಾಟರಿಯ ಟರ್ಮಿನಲ್‌ಗೇ ಜೋಡಿಸಿದ ವೈರ್ ಪೂರ್ತಿ ಕೊಳವೆ ಅಥವಾ ಹೊದಿಕೆಯೊಳಗೆ ಇದ್ದರೆ 1.8 ಮೀಟರ್‌ವರೆಗೆ ವಿನಾಯಿತಿ ಇದೆ. ಬ್ಯಾಟರಿ ಸ್ವಿಚ್ ಅಥವಾ ಬಸ್‌ಬಾರ್‌ನಿಂದ (ಹಲವು ವೈರ್ ಸೇರುವ ಲೋಹದ ಪಟ್ಟಿಯಿಂದ) ಹೊರಟ ವೈರಿಗೆ, ಹೊದಿಕೆ ಇದ್ದರೆ, ಸುಮಾರು 1 ಮೀಟರ್. ಎಂಜಿನ್ನಿನ ಸ್ಟಾರ್ಟರ್ ಕೇಬಲ್‌ಗೆ ಮಾತ್ರ ಫ್ಯೂಸ್ ಕಡ್ಡಾಯವಲ್ಲ. ಫ್ಯೂಸ್ ಪ್ಯಾನೆಲ್‌ನಲ್ಲೇ ಇದೆಯಲ್ಲ ಅನ್ನುತ್ತೀರಾ? ಪ್ಯಾನೆಲ್‌ನಿಂದ ಬ್ಯಾಟರಿವರೆಗಿನ ಮೂರು ಮೀಟರ್ ವೈರನ್ನು ಕಾಯುವವರು ಯಾರು? ಹಳೇ ದೋಣಿಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು ಇದೇ.

ಫ್ಯೂಸ್ ಮೇಲೆ ಇನ್ನೊಂದು ಅಂಕಿಯೂ ಇರುತ್ತದೆ: ಎಷ್ಟು ಆಂಪ್ ಶಾರ್ಟ್ ಆದಾಗ ಅದು ಸುರಕ್ಷಿತವಾಗಿ ಕಡಿಯಬಲ್ಲದು ಅಂತ. ದೊಡ್ಡ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ ಹರಿಯುತ್ತದೆ. ಅಂಥ ಕಡೆ ಸಣ್ಣ ಕಾರ್ ಫ್ಯೂಸ್ ಹಾಕಿದರೆ ಕಿಡಿ ನಿಲ್ಲದೆ ಮುಂದುವರಿಯಬಹುದು. ಲಿಥಿಯಂ ಬ್ಯಾಟರಿಗೆ ಕ್ಲಾಸ್ ಟಿ ಫ್ಯೂಸ್ ಹಾಕಿ ಅನ್ನುವುದು ಇದಕ್ಕೇ.

ಜಾಯಿಂಟಿಗೆ ಬೆಸುಗೆ ಹಾಕಲಾ, ಕ್ರಿಂಪ್ ಮಾಡಲಾ?

ಕ್ರಿಂಪ್. ಅಂದರೆ ಲೋಹದ ಕೊಳವೆಯೊಳಗೆ ವೈರ್ ತೂರಿಸಿ ಒತ್ತಿ ಹಿಡಿಸುವುದು. ಬರೀ ಬೆಸುಗೆಯ ಮೇಲೆ ನಿಂತ ಜಾಯಿಂಟನ್ನು ಇ-11 ಒಪ್ಪುವುದಿಲ್ಲ. ಬೆಸುಗೆ ಎಳೆಗಳ ಒಳಗೆ ಹರಿದು ಗಟ್ಟಿಯಾಗುತ್ತದೆ. ಗಟ್ಟಿ ಮುಗಿದು ಮೆತ್ತಗೆ ಶುರುವಾಗುವ ಜಾಗದಲ್ಲಿ ನಡುಕಕ್ಕೆ ವೈರ್ ಮುರಿಯುತ್ತದೆ. ಜಾಯಿಂಟು ಬಿಸಿಯಾದರೆ ಬೆಸುಗೆಯೇ ಕರಗಬಹುದು.

ಪ್ಲೈಯರ್‌ನಲ್ಲಿ ಚಪ್ಪಟೆ ಮಾಡಿದ್ದು ಕ್ರಿಂಪ್ ಅಲ್ಲ. ಪೂರ್ತಿ ಒತ್ತುವವರೆಗೆ ಬಿಡದ ರಾಟ್ಚೆಟ್ ಇಕ್ಕಳ ಬೇಕು. ಎಳೆ ಕಡಿಯದ ಹಾಗೆ ಸಿಪ್ಪೆ ತೆಗೆಯಿರಿ. ಲಗ್ಗಿನ (ವೈರಿನ ತುದಿಗೆ ಹಾಕುವ ಲೋಹದ ತುಂಡಿನ) ಕೊಳವೆಯ ಆಚೆ ತುದಿಯಲ್ಲಿ ತಾಮ್ರ ಒಂದು ಎಂಎಂ ಇಣುಕಬೇಕು. ಒತ್ತಿ, ಆಮೇಲೆ ಕೈಯಲ್ಲಿ ಜೋರಾಗಿ ಎಳೆದು ನೋಡಿ. ಬಂದರೆ ಬೈದುಕೊಳ್ಳಬೇಡಿ, ಈಗಲೇ ಬಂತಲ್ಲ ಅಂತ ಖುಷಿಪಡಿ. ಒಳಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಕಾಯಿಸಿ. ಅಂಚಿನಿಂದ ಅಂಟಿನ ಸಣ್ಣ ಉಂಗುರ ಹೊರಬಂದರೆ ಒಳಗೆ ನೀರು ಹೋಗದಂತೆ ಮುಚ್ಚಿದೆ ಅಂತ ಅರ್ಥ. ಲಗ್ಗು ಉಂಗುರದ ಆಕಾರದ್ದೇ ಇರಲಿ, ಸ್ಕ್ರೂ ಸಡಿಲವಾದರೂ ಜಾರುವುದಿಲ್ಲ. ಒಂದು ಸ್ಕ್ರೂಗೆ ನಾಲ್ಕು ಲಗ್ಗಿಗಿಂತ ಜಾಸ್ತಿ ಬೇಡ. ತಿರುಚಿ ಟೇಪು ಸುತ್ತುವುದು, ಪ್ಲಾಸ್ಟಿಕ್ ಟೋಪಿ ಹಾಕಿ ತಿರುಗಿಸುವುದು ಎರಡೂ ದೋಣಿಯಲ್ಲಿ ಬೇಡವೇ ಬೇಡ.

ವೈರ್ ಎಲ್ಲಿ ಹಾಯಿಸಬೇಕು?

ತಳದ ನೀರಿನಿಂದ ಆದಷ್ಟು ಮೇಲೆ. ಹೆಚ್ಚೆಂದರೆ 45 ಸೆಂಟಿಮೀಟರಿಗೊಂದು ಕ್ಲಿಪ್ಪು. ಹಲಗೆಯಲ್ಲಿ ತೂತು ಮಾಡಿದ ಕಡೆ ರಬ್ಬರ್ ಬಳೆ. ಉಪಕರಣದ ಒಳಗೆ ಹೋಗುವ ಮುಂಚೆ ವೈರನ್ನು ಸ್ವಲ್ಪ ಕೆಳಗೆ ಬಾಗಿಸಿ ಮೇಲೇರಿಸಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಲಿ. ದಿಕ್ಸೂಚಿ ಹತ್ತಿರ ಹಾಯುವ ಡಿಸಿ ಜೋಡಿಯನ್ನು ಒಂದಕ್ಕೊಂದು ಹೆಣೆದುಬಿಡಿ. ಇಲ್ಲದಿದ್ದರೆ ದೀಪ ಹಾಕಿದಾಗ ಮುಳ್ಳು ತಿರುಗುತ್ತದೆ.

ಬಣ್ಣಕ್ಕೆ ಅಷ್ಟು ಮಹತ್ವ ಇದೆಯಾ?

ಇದೆ. ಡಿಸಿ ಪ್ಲಸ್ ಕೆಂಪು. ಮೈನಸ್ ಕಪ್ಪು ಅಥವಾ ಹಳದಿ. ಆದಷ್ಟು ಹಳದಿಯನ್ನೇ ಹಾಕಿ. ಅಮೆರಿಕದ ಪದ್ಧತಿಯಲ್ಲಿ ಎಸಿ ಫೇಸ್ ಕಪ್ಪು. ಡಿಸಿ ಮೈನಸ್ ಅಂದುಕೊಂಡು ಅದನ್ನು ಹಿಡಿದರೆ ಮುಗೀತು.

ಬಿಲ್ಜ್ ಪಂಪನ್ನು ಮೇನ್ ಸ್ವಿಚ್ ಮೂಲಕ ಕೊಡಬೇಕಾ?

ತಾನಾಗಿ ಓಡುವ ಪಂಪಿಗೆ ಬೇಡ. ಬೀಗ ಹಾಕಿ ಮನೆಗೆ ಹೋದಾಗಲೇ ಅದರ ಕೆಲಸ. ಬ್ಯಾಟರಿಯಿಂದ ನೇರವಾಗಿ, ತನ್ನದೇ ಫ್ಯೂಸ್ ಮೂಲಕ, ನೀರು ಏರಿದಾಗ ತೇಲಿ ತಾನೇ ಹತ್ತುವ ಫ್ಲೋಟ್ ಸ್ವಿಚ್‌ಗೆ ಕೊಡಿ. ಫ್ಯೂಸ್ ಪಂಪಿನ ತಯಾರಕರು ಹೇಳಿದ್ದೇ ಇರಲಿ. ಇಲ್ಲಿ ಮಾತ್ರ ಫ್ಯೂಸ್ ವೈರಿನ ಜೊತೆ ಪಂಪನ್ನೂ ಕಾಯಬೇಕು: ಪಂಪಿಗೆ ಕಸ ಸಿಕ್ಕಿ ನಿಂತುಹೋದಾಗ ಆ ಫ್ಯೂಸ್ ಕಡಿಯಬೇಕು, ಮೋಟಾರ್ ಕುಳಿತಲ್ಲೇ ಬೇಯಬಾರದು. ಜಾಯಿಂಟುಗಳು ನೀರು ಮುಟ್ಟದ ಎತ್ತರದಲ್ಲಿರಲಿ.

ಬ್ಯಾಟರಿ ವಿಷಯದಲ್ಲಿ ಏನು ನೋಡಬೇಕು?

ಅಲುಗಬಾರದು. ಯಾವ ಕಡೆಗೂ 25 ಎಂಎಂಗಿಂತ ಜಾಸ್ತಿ ಸರಿಯದ ಹಾಗೆ ಕಟ್ಟಿ. ಪ್ಲಸ್ ಟರ್ಮಿನಲ್ ಮೇಲೆ ಮುಚ್ಚಳ ಇರಲೇಬೇಕು. ಕೈಜಾರಿದ ಒಂದು ಸ್ಪಾನರ್ ಸಾಕು, ಬಿಸಿಯಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಕೆಲಸ ಮಾಡುವಾಗ ಉಂಗುರ, ವಾಚು ತೆಗೆದಿಡಿ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಗೆ ದಾರಿ ಬಿಡಿ.

ಲಿಥಿಯಂಗೆ ಬದಲಿಸುವುದು ಬರೀ ಬ್ಯಾಟರಿ ಬದಲಿಸಿದ ಹಾಗಲ್ಲ. ಅದು ಎಷ್ಟು ಕೊಟ್ಟರೂ ನುಂಗುತ್ತದೆ. ಎಂಜಿನ್ನಿನ ಆಲ್ಟರ್ನೇಟರ್ ಉಸಿರು ಬಿಡದೆ ದುಡಿದು ಸುಟ್ಟುಹೋಗಬಹುದು. ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕಿಟ್) ಸಂಪರ್ಕ ಕಡಿದ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಆಲ್ಟರ್ನೇಟರಿನ ಡಯೋಡ್‌ಗಳು ಹೋಗಬಹುದು. ಇದಕ್ಕೆ ಎಬಿವೈಸಿಯ ಇ-13 ಅಂತ ಬೇರೆ ಸ್ಟಾಂಡರ್ಡೇ ಇದೆ, ಓದಿಯೇ ಕೈ ಹಾಕಿ.

ಪೆಟ್ರೋಲ್ ಎಂಜಿನ್ ಇದ್ದರೆ ಬೇರೆ ನಿಯಮವಾ?

ಹೌದು, ಮತ್ತು ಇದರಲ್ಲಿ ರಾಜಿ ಇಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ. ಎಂಜಿನ್ ಮತ್ತು ಟ್ಯಾಂಕ್ ಇರುವ ಕೋಣೆಯ ಪ್ರತಿ ಸ್ವಿಚ್, ಪಂಪು, ಫ್ಯೂಸ್ ಹೋಲ್ಡರ್, ಸ್ಟಾರ್ಟರ್, ಆಲ್ಟರ್ನೇಟರ್ ಕಿಡಿ ಹೊರಬಿಡದ ನಮೂನೆಯದ್ದೇ ಇರಬೇಕು. ಐಎಸ್‌ಒ 8846 ಅಥವಾ ಎಸ್‌ಎಇ ಜೆ1171 ಅಂತ ಗುರುತು ಇರುತ್ತದೆ. ಕಾರಿನ ಆಲ್ಟರ್ನೇಟರ್ ನೋಡಲು ಹಾಗೇ ಇರುತ್ತದೆ, ಬೋಲ್ಟೂ ಕೂರುತ್ತದೆ. ಆದರೂ ಹಾಕಬೇಡಿ.

ದಡದ ಕರೆಂಟಿನ ವೈರಿಂಗನ್ನೂ ನಾನೇ ಮಾಡಬಹುದಾ?

ಡಿಸಿಯನ್ನು ಕಲಿತು ಮಾಡಬಹುದು. ಎಸಿಯನ್ನು ದೋಣಿ ವೈರಿಂಗ್ ಗೊತ್ತಿರುವ ಎಲೆಕ್ಟ್ರೀಷಿಯನ್ ಕೈಯಲ್ಲಿ ಮಾಡಿಸಿ, ಇಲ್ಲವೇ ಕರೆಂಟು ಕೊಡುವ ಮುಂಚೆ ಅವರಿಂದ ಪರೀಕ್ಷೆ ಮಾಡಿಸಿ. ಇಲ್ಲಿ ತಪ್ಪಾದರೆ ಸಾಯುವವರು ದೋಣಿಯಲ್ಲೇ ಇರಬೇಕೆಂದಿಲ್ಲ. ಸೋರಿದ ಕರೆಂಟು ನೀರಿಗೆ ಇಳಿದರೆ ಪಕ್ಕದಲ್ಲಿ ಈಜುತ್ತಿರುವವರ ಕೈಕಾಲು ಮರಗಟ್ಟಿ ಮುಳುಗುತ್ತಾರೆ. ಸಿಹಿನೀರಿನಲ್ಲಿ ಅಪಾಯ ಜಾಸ್ತಿ. ಸಿಹಿನೀರಿಗಿಂತ ಉಪ್ಪಿರುವ ನಮ್ಮ ಮೈಯೇ ಕರೆಂಟಿಗೆ ಸುಲಭದ ದಾರಿ.

ಮಾಡಿಸುವಾಗ ಇಷ್ಟು ಕೇಳಿ: ದಡದ ಕೇಬಲ್ ಒಳಬರುವ ಜಾಗದಿಂದ 3 ಮೀಟರ್ ಒಳಗೆ, 30 ಮಿಲಿಆಂಪ್ ಸೋರಿಕೆಗೆ ಕಡಿಯುವ ಆರ್‌ಸಿಸಿಬಿಯಂಥ ಸಾಧನ ಇದೆಯಾ? ಮೇನ್ ಬ್ರೇಕರ್ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದಾ? ದಡದ ಕರೆಂಟಿನಲ್ಲಿರುವಾಗ ದೋಣಿಯೊಳಗೆ ನ್ಯೂಟ್ರಲ್ ಮತ್ತು ಅರ್ತ್ ಎಲ್ಲೂ ಸೇರಿಲ್ಲ ತಾನೇ? ಎಸಿ ಮತ್ತು ಡಿಸಿ ಒಂದೇ ಪ್ಯಾನೆಲ್‌ನಲ್ಲಿದ್ದರೆ ನಡುವೆ ಗೋಡೆ ಇದೆಯಾ? ಜನರೇಟರ್, ಇನ್ವರ್ಟರ್ ಅಥವಾ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ದಡದ ವೈರಿಗೂ ದೋಣಿಯ ವೈರಿಗೂ ನೇರ ಸಂಪರ್ಕ ಇಲ್ಲದೆ ಕರೆಂಟು ದಾಟಿಸುವುದು) ಇದ್ದರೆ ನ್ಯೂಟ್ರಲ್ ಮತ್ತು ಅರ್ತ್ ಅದರ ಹತ್ತಿರವೇ ಸೇರುತ್ತವೆ, ಬೇರೆಲ್ಲೂ ಅಲ್ಲ.

ಅರ್ತ್ ವೈರ್ ಕಡಿದರೆ ಸತುವಿನ ತುಂಡು ಬೇಗ ಸವೆಯುವುದಿಲ್ಲವಂತೆ, ನಿಜವಾ?

ತಳದ ಲೋಹದ ಬದಲು ತಾನು ಸವೆಯಲಿ ಅಂತ ಹಾಕುವ ಸತು ಅದು. ಸವೆಯುವುದು ಕಮ್ಮಿಯಾಗುವುದು ನಿಜ. ಕಡಿಯಬೇಡಿ ಅನ್ನುವುದೂ ಅಷ್ಟೇ ನಿಜ. ದಡದ ಕೇಬಲಿನ ಅರ್ತ್ ಮೂಲಕ ನಿಮ್ಮ ದೋಣಿಯೂ ಅಕ್ಕಪಕ್ಕದ ದೋಣಿಗಳೂ ಒಂದಕ್ಕೊಂದು ಸೇರಿರುತ್ತವೆ. ಬೇರೆ ಬೇರೆ ಲೋಹ, ನಡುವೆ ನೀರು, ಮೇಲೆ ವೈರ್. ಇಡೀ ಬೋಟುಕಟ್ಟೆಯೇ ಒಂದು ಬ್ಯಾಟರಿ. ನಿಮ್ಮ ಸತು ಪಕ್ಕದವರ ತಳವನ್ನೂ ಕಾಯುತ್ತಾ ಸವೆಯುತ್ತದೆ.

ಆದರೆ ಆ ಅರ್ತ್ ಇಲ್ಲದಿದ್ದರೆ, ಬಿಸಿನೀರಿನ ಹೀಟರಿನಲ್ಲಿ ಫೇಸ್ ಸೋರಿದ ದಿನ ಅದಕ್ಕೆ ಉಳಿದ ದಾರಿ ಎಂಜಿನ್, ಪ್ರೊಪೆಲ್ಲರ್, ನೀರು. ಇ-11 ಎಸಿ ಅರ್ತನ್ನು ಡಿಸಿ ಮೈನಸ್‌ಗೆ ಸೇರಿಸಿ ಅನ್ನುವುದು ಇದಕ್ಕೇ: ಸೋರಿದ ಕರೆಂಟು ನೀರಿನ ಬದಲು ವೈರಿನಲ್ಲೇ ಹಿಂತಿರುಗಿ ಬ್ರೇಕರ್ ಕಡಿಯಲಿ ಅಂತ. ಸವೆತಕ್ಕೆ ಸರಿಯಾದ ಪರಿಹಾರ ಗಾಲ್ವಾನಿಕ್ ಐಸೊಲೇಟರ್. ಅರ್ತ್ ದಾರಿಯಲ್ಲಿ ಕೂತು ಸುಮಾರು 1.2 ವೋಲ್ಟ್ ಒಳಗಿನ ಡಿಸಿಯನ್ನು ತಡೆಯುತ್ತದೆ, ಎಸಿ ಸೋರಿಕೆಯನ್ನು ಬಿಡುತ್ತದೆ. ಇದಕ್ಕಿಂತ ಮೇಲಿನದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಭಾರ, ದುಬಾರಿ, ಆದರೆ ಲೋಹದ ತಳದ ದೋಣಿಗೆ ನಾನು ಅದನ್ನೇ ಹೇಳುವುದು.

ಎಲ್ಲಾ ಮುಗಿಯಿತು. ಈಗ ಬ್ಯಾಟರಿ ಜೋಡಿಸಲಾ?

ನಿಲ್ಲಿ. ಬ್ಯಾಟರಿ ಹತ್ತಿರದ ಮುಖ್ಯ ಫ್ಯೂಸ್ ಒಂದನ್ನು ಬಿಟ್ಟು ಎಲ್ಲಾ ಫ್ಯೂಸ್ ತೆಗೆದು, ಎಲ್ಲಾ ಬ್ರೇಕರ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಜೋಡಿಸಿ. ಬ್ಯಾಟರಿಯ ಪ್ಲಸ್ ಮತ್ತು ಪ್ಲಸ್ ಕೇಬಲಿನ ನಡುವೆ 12 ವೋಲ್ಟಿನ ಒಂದು ಹಳೇ ತಂತಿ ಬಲ್ಬ್ ಸೇರಿಸಿ ಮುಟ್ಟಿಸಿ. ಬಲ್ಬ್ ಜೋರಾಗಿ ಹತ್ತಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಇದ್ದುದರಿಂದ ಏನೂ ಸುಡಲಿಲ್ಲ, ಹುಡುಕಿ. ಹತ್ತದಿದ್ದರೆ ಸರಿಯಾಗಿ ಜೋಡಿಸಿ, ಒಂದೊಂದೇ ಸರ್ಕಿಟ್ ಹಾಕುತ್ತಾ ಹೋಗಿ. ಪ್ರತಿಯೊಂದರ ತುದಿಯಲ್ಲೂ, ಉಪಕರಣ ಓಡುವಾಗ, ವೋಲ್ಟೇಜ್ ಅಳೆದು ಬರೆದಿಡಿ. ಎಲ್ಲವನ್ನೂ ಒಂದು ಗಂಟೆ ಓಡಿಸಿ, ಡಿಸಿ ಜಾಯಿಂಟುಗಳ ಮೇಲೆ ಕೈಯಾಡಿಸಿ. ಯಾವುದಾದರೂ ಬೆಚ್ಚಗಿದ್ದರೆ ಬಿಚ್ಚಿ ಮತ್ತೆ ಮಾಡಿ.

ಹಾಯಿಕಂಬದ ತುದಿಗೆ ಎಲ್‌ಇಡಿ ದೀಪ ಹಾಕಿದ್ದರೆ, ಅದನ್ನು ಹತ್ತಿಸಿ ವಿಎಚ್‌ಎಫ್ ರೇಡಿಯೋ ಕೇಳಿ. ಕೆಲವು ಅಗ್ಗದ ಎಲ್‌ಇಡಿಗಳು ಆಂಟೆನಾಗೆ ಗದ್ದಲ ತುಂಬಿ ದೂರದ ದನಿಯನ್ನು ಮುಚ್ಚಿಬಿಡುತ್ತವೆ. ದೀಪ ಆರಿಸಿದ ಕೂಡಲೇ ಕರಕರ ನಿಂತರೆ ಬದಲಿಸಬೇಕಾದದ್ದು ದೀಪ, ರೇಡಿಯೋ ಅಲ್ಲ. ಆಮೇಲೆ ನಿಮ್ಮ ಪೆನ್ಸಿಲ್ ನಕ್ಷೆಯನ್ನು ನಿಜವಾಗಿ ಹಾಕಿದ ಹಾಗೆ ತಿದ್ದಿ, ಪ್ಲಾಸ್ಟಿಕ್ ಹೊದಿಸಿ, ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿ.